ನಕ್ಷೆಯಲ್ಲಿ ಕಾಣುವುದು, ಕಾಣದೆ ಇರುವುದು

(ಸಂಘದ ಉಚಿತ ವಾಚನಾಲಯದಲ್ಲಿ, ರವಿವಾರದ ನಕ್ಷೆ ವರ್ಗದವರ ಮುಂದೆ ಮಾಡಿದ ಭಾಷಣ)



ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ನಮಗೆ ರೂಢಿಯಿಲ್ಲ. ಹಾಜರಿ ಪುಸ್ತಕ, ಸ್ಟೋರಿನ ಲೆಕ್ಕ, ಟಪಾಲು ಇವುಗಳ ನಡುವೆ ಗಿರಣಿಯ ಆಫೀಸಿನಲ್ಲಿ ದಿನ ಕಳೆಯುವವರು ನಾವು. ಓದು ಮೆಟ್ರಿಕ್ಕಿಗೆ ನಿಂತಿತು. ಆದರೆ ನಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. "ರವಿವಾರದ ವರ್ಗಕ್ಕೆ ಬರುವ ಹುಡುಗರು ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಕಲಿತರು, ಎಳೆದ ಗೆರೆ ಎಲ್ಲಿ ಹೋಯಿತೆಂದು ಹುಡುಕಲು ಕಲಿಯಲಿಲ್ಲ, ಅದನ್ನು ನೀವೇ ಹೇಳಬೇಕು" ಎಂದು ಪಟ್ಟು ಹಿಡಿದರು. ನಮ್ಮನ್ನೇ ಏಕೆ ಹಿಡಿದರೆಂಬುದು ಮುಂದೆ ನಿಮಗೆ ತಿಳಿಯುವುದು. ಈ ವಿಷಯದಲ್ಲಿ ಪೆಟ್ಟು ತಿಂದವರು ನಾವು.

ನಕ್ಷೆಯ ಪದರಗಳ ಮಾತು ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ನಮ್ಮ ಗಿರಣಿಯ ಹಳೆಯ ಕಪಾಟಿನಲ್ಲಿ ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಮಸಿಯಿಂದ ಬರೆದ ನಕ್ಷೆಗಳ ಸುರುಳಿಗಳು ಇಂದಿಗೂ ಇವೆ. ಬಟ್ಟೆಯ ಕಾಲ ಕಳೆದು ಪಾರದರ್ಶಕ ಹಾಳೆ ಬಂದ ಮೇಲೆ ನಕ್ಷೆಗಾರರು ಒಂದು ಉಪಾಯ ಮಾಡಿದರು. ಹಾಳೆಗಳ ಮೇಲಂಚಿಗೆ ಒಂದೇ ಅಳತೆಯ ತೂತು ಹೊಡೆದು, ಹಲಗೆಯ ಮೇಲಿನ ಮೊಳೆಗಳಿಗೆ ಸಿಕ್ಕಿಸುವುದು. ಕೆಳಗಿನ ಹಾಳೆಯಲ್ಲಿ ಗೋಡೆ ಮತ್ತು ಕಂಬ, ಅದರ ಮೇಲಿನದರಲ್ಲಿ ವಿದ್ಯುತ್ತು, ಅದಕ್ಕೂ ಮೇಲೆ ನಲ್ಲಿ ಮತ್ತು ಚರಂಡಿ. ಬೇಕಾದ ಹಾಳೆಗಳನ್ನು ಒಟ್ಟಿಗಿಟ್ಟು ಪ್ರತಿ ತೆಗೆಯುವುದು, ಬೇಡವಾದದ್ದನ್ನು ಎತ್ತಿಡುವುದು. ಎತ್ತಿಟ್ಟ ಹಾಳೆ ಮೇಜಿನ ಮೇಲೆ ಕಣ್ಣೆದುರಿಗೇ ಬಿದ್ದಿರುತ್ತಿತ್ತು ಎಂಬುದನ್ನು ಮಾತ್ರ ನೆನಪಿಡಿರಿ. ಕಂಪ್ಯೂಟರಿನ ಲೇಯರು ಇದೇ ಹಾಳೆಯ ಇನ್ನೊಂದು ಅವತಾರ. ಆದರೆ ಎತ್ತಿಟ್ಟರೆ ಅದು ಮೇಜಿನ ಮೇಲೆ ಕಾಣುವುದಿಲ್ಲ.

ಪರದೆಯ ಮೇಲೆ ಗೆರೆ ಎಳೆಯುವ ವಿದ್ಯೆಗೂ ವಯಸ್ಸಾಗಿದೆ. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬವರು ಸ್ಕೆಚ್‌ಪ್ಯಾಡ್ ಎಂಬುದನ್ನು ಮಾಡಿ ತೋರಿಸಿದರು. ಬೆಳಕಿನ ಲೇಖನಿ ಹಿಡಿದು ಪರದೆಯ ಮೇಲೆ ಬರೆಯುವುದು. ಚಿತ್ರವನ್ನು ಸರಿಸಲಿಕ್ಕೂ ಹಿಗ್ಗಿಸಲಿಕ್ಕೂ ಪರದೆಯ ಕೆಳಗೆ ನಾಲ್ಕು ಕಪ್ಪು ತಿರುಪುಗಳು. ಇಂದು ನಿಮ್ಮ ಬೆರಳಿನಡಿ ಇರುವ ಮೌಸಿನ ಗಾಲಿ ಆ ತಿರುಪುಗಳ ಮೊಮ್ಮಗ ಎನ್ನಬಹುದು. ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರ ಡಿಸೆಂಬರಿನಲ್ಲಿ. ಅದೇ ವರ್ಷದ ಜನವರಿ 18ರಂದು ಈ ಮುಂಬಯಿಯ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರ ಮೊದಲಾಗಿತ್ತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರ ಮೊಮ್ಮಕ್ಕಳು ಈಗ ಈ ವರ್ಗದಲ್ಲಿ ಕುಳಿತು ಕ್ಯಾಡ್ ಕಲಿಯುತ್ತಿರುವುದನ್ನು ಕಂಡಾಗ ನಮಗೆ ಎರಡೂ ತಾರೀಖು ಒಟ್ಟಿಗೆ ನೆನಪಾಗುವುವು.

ಇನ್ನು ಕೆಲಸದ ಮಾತು. ಮೊದಲು ತಿರುಗಾಟ, ಆಮೇಲೆ ಮರೆಮಾಡುವುದು.

ಕಾಗದದ ಮೇಲೆ ನಾವು ಶೆಡ್ಡನ್ನು ಚಿಕ್ಕದು ಮಾಡಿ ಬರೆಯುತ್ತೇವೆ. ಕಂಪ್ಯೂಟರಿನಲ್ಲಿ ಹಾಗಲ್ಲ. 60 ಮೀಟರಿನ ಶೆಡ್ಡು ಇದ್ದರೆ 60,000 ಮಿಲಿಮೀಟರೆಂದೇ, ಇದ್ದಷ್ಟೇ ಉದ್ದಕ್ಕೆ ಎಳೆಯತಕ್ಕದ್ದು. ನಿಮ್ಮ ಪರದೆ ಆ ಶೆಡ್ಡಿನ ಎದುರಿಗಿರುವ ಒಂದು ಕಿಟಕಿ. ಝೂಮ್ ಮಾಡಿದಾಗ ಶೆಡ್ಡು ದೊಡ್ಡದಾಗುವುದಿಲ್ಲ, ನೀವು ಹತ್ತಿರ ಹೋಗುತ್ತೀರಿ, ಅಷ್ಟೆ. ಹೊಸಬರು ಇದನ್ನು ತಿಳಿಯದೆ, ಗೆರೆ ಚಿಕ್ಕದಾಗಿ ಕಾಣುತ್ತದೆಂದು ಅದನ್ನು ಎಳೆದು ಉದ್ದ ಮಾಡಿಬಿಡುತ್ತಾರೆ. ಕಳೆದ ತಿಂಗಳು ನಮ್ಮ ವರ್ಗದ ಒಬ್ಬರು ಹೀಗೆ ಬಾಗಿಲನ್ನು ಗೋಡೆಗಿಂತ ಉದ್ದ ಮಾಡಿದರು. ಹೆಸರು ಹೇಳುವುದಿಲ್ಲ, ಅವರೇ ನಗುತ್ತಿದ್ದಾರೆ.

ಮೌಸಿನ ಗಾಲಿಯನ್ನು ಮುಂದಕ್ಕೆ ಉರುಳಿಸಿದರೆ ಹತ್ತಿರ, ಹಿಂದಕ್ಕೆ ಉರುಳಿಸಿದರೆ ದೂರ. ಮೌಸಿನ ಗುರುತು ಎಲ್ಲಿದೆಯೋ ಆ ಜಾಗಕ್ಕೇ ಹತ್ತಿರ ಹೋಗುವುದರಿಂದ, ನೋಡಬೇಕಾದ ಮೂಲೆಯ ಮೇಲೆ ಗುರುತನ್ನಿಟ್ಟು ಆಮೇಲೆ ಗಾಲಿ ಮುಟ್ಟಿರಿ. ಗಾಲಿಯನ್ನೇ ಒತ್ತಿಹಿಡಿದು ಎಳೆದರೆ ನಕ್ಷೆ ಪಕ್ಕಕ್ಕೆ ಸರಿಯುತ್ತದೆ. ಆಟೋಕ್ಯಾಡಿನಲ್ಲಿ ಗಾಲಿಯನ್ನು ಎರಡು ಸಲ ಟಕಟಕ ಒತ್ತಿದರೆ ಇಡೀ ನಕ್ಷೆ ಪರದೆಯೊಳಗೆ ಬಂದು ನಿಲ್ಲುತ್ತದೆ. ಝೂಮ್ ಎಕ್ಸ್‌ಟೆಂಟ್ಸ್ ಎಂಬುದೂ ಇದೇ. ದಾರಿ ತಪ್ಪಿದವನು ಸ್ಟೇಷನ್ನಿಗೆ ಮರಳಿದ ಹಾಗೆ, ದಿಕ್ಕು ತೋಚದಾಗ ಅಲ್ಲಿಗೆ ಬನ್ನಿರಿ. ಹಿಂದಿನ ನೋಟಕ್ಕೆ ಹೋಗಬೇಕಾದರೆ ಝೆಡ್ ಒತ್ತಿ ಎಂಟರ್, ಪಿ ಒತ್ತಿ ಎಂಟರ್.

ಕೆಲವು ಸಲ ಬಹಳ ಹತ್ತಿರ ಹೋದಾಗ ದುಂಡಗಿನ ಕಂಬ ಎಂಟು ಮೂಲೆಯದಾಗಿ ಕಾಣುವುದು, ಇಲ್ಲವೆ ಗಾಲಿ ಎಷ್ಟು ಉರುಳಿಸಿದರೂ ಮುಂದಕ್ಕೆ ಹೋಗದೆ ಹಟ ಹಿಡಿಯುವುದು. ಮೌಸು ಕೆಟ್ಟಿತೆಂದು ಬಡಿಯಬೇಡಿ. ವಾಚನಾಲಯದ ಮೌಸು ದಾನಿಗಳು ಕೊಟ್ಟದ್ದು. ಆರ್, ಇ ಎಂದು ಒತ್ತಿ ಎಂಟರ್ ಕೊಡಿರಿ. ಯಂತ್ರ ಮತ್ತೊಮ್ಮೆ ಲೆಕ್ಕ ಹಾಕಿ ಚಿತ್ರವನ್ನು ಹೊಸದಾಗಿ ತೋರಿಸುವುದು.

ಈಗ ಮರೆಮಾಡುವ ವಿಷಯ. ಲೇಯರುಗಳ ಪಟ್ಟಿ ತೆರೆದರೆ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಬಲ್ಬು, ಸೂರ್ಯ, ಬೀಗ, ಮುದ್ರಣಯಂತ್ರ ಇವುಗಳ ಪುಟ್ಟ ಚಿತ್ರಗಳಿರುವುವು. ಇವೆಲ್ಲ ಒಂದೇ ಎಂದು ತಿಳಿದವರು ಬಹಳ. ನಾವೂ ಹಾಗೆಯೇ ತಿಳಿದಿದ್ದೆವು.

ಬಲ್ಬು ಆರಿಸುವುದೆಂದರೆ ಕೋಣೆಯ ದೀಪ ಆರಿಸಿದ ಹಾಗೆ. ಸಾಮಾನು ಕಾಣುವುದಿಲ್ಲ, ಆದರೆ ಇದ್ದಲ್ಲಿಯೇ ಇದೆ. ಕತ್ತಲೆಯಲ್ಲಿ ಕಸಬರಿಗೆ ಆಡಿಸಿದರೆ ಅದೂ ಗುಡಿಸಿಹೋಗುವುದು. ಇದು ಬರಿಯ ಹೋಲಿಕೆಯಲ್ಲ: ಅಳಿಸುವ ಆಜ್ಞೆ ಕೊಟ್ಟು, ಏನನ್ನು ಎಂದು ಕೇಳಿದಾಗ 'ಆಲ್' ಎಂದರೆ, ಬಲ್ಬು ಆರಿಸಿದ ಲೇಯರಿನಲ್ಲಿರುವುದೂ ಅಳಿದುಹೋಗುವುದು. ಕಾಣದಿದ್ದದ್ದು ಹೋದದ್ದೂ ಕಾಣುವುದಿಲ್ಲ.

ಸೂರ್ಯನ ಚಿತ್ರ ಒತ್ತಿದರೆ ಅದು ಹಿಮದ ಹರಳಾಗುವುದು; ಇದಕ್ಕೆ ಫ್ರೀಜ್ ಎನ್ನುತ್ತಾರೆ. ಇದು ಸಾಮಾನನ್ನು ಅಟ್ಟಕ್ಕೇರಿಸಿದ ಹಾಗೆ. ಕಸಬರಿಗೆ ಅಲ್ಲಿಗೆ ಮುಟ್ಟುವುದಿಲ್ಲ, 'ಆಲ್' ಎಂದರೂ ಅಳಿಯುವುದಿಲ್ಲ. ಯಂತ್ರವೂ ಅದನ್ನು ಲೆಕ್ಕಕ್ಕೆ ಹಿಡಿಯದೆ ಇರುವುದರಿಂದ ದೊಡ್ಡ ನಕ್ಷೆಗಳಲ್ಲಿ ಕೆಲಸ ಹಗುರಾಗುವುದು. ಬಹುಕಾಲ ಬೇಡವಾದದ್ದಕ್ಕೆ ಫ್ರೀಜೇ ಸರಿ.

ಬೀಗವೆಂದರೆ ನಮ್ಮ ವಾಚನಾಲಯದ ಗಾಜಿನ ಕಪಾಟು. ಕಾಣುವುದು, ಮಸುಕಾಗಿ ಕಾಣುವುದು, ಆದರೆ ಕೈಗೆ ಸಿಗುವುದಿಲ್ಲ. ಮೂರರಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಇದು. ಕಾರಣ ಆಮೇಲೆ ಹೇಳುತ್ತೇವೆ. ಮುದ್ರಣಯಂತ್ರದ ಚಿತ್ರ ಆರಿಸಿದರೆ ಪರದೆಯ ಮೇಲೆ ಕಾಣುವುದು, ಕಾಗದದ ಮೇಲೆ ಬರುವುದಿಲ್ಲ. ಡೆಫ್‌ಪಾಯಿಂಟ್ಸ್ ಎಂಬ ಲೇಯರಂತೂ ಏನು ಮಾಡಿದರೂ ಅಚ್ಚಾಗುವುದಿಲ್ಲ. ಅಳತೆ ಬರೆದ ಕೂಡಲೆ ಅದು ತಾನಾಗಿ ಹುಟ್ಟುವುದು. ಅರಿಯದೆ ಅದರ ಮೇಲೆ ಗೋಡೆ ಎಳೆದು, ಪ್ರಿಂಟರಿಗೆ ಶಾಪ ಹಾಕುತ್ತ ಅರ್ಧ ದಿನ ಕಳೆದವರು ಬೇಕಾದಷ್ಟು ಮಂದಿ.

ಇನ್ನೊಂದು ಸೂಕ್ಷ್ಮ. ಮಗ್ಗದ ಚಿತ್ರವನ್ನು ಒಮ್ಮೆ ಬರೆದು ಬ್ಲಾಕ್ ಮಾಡಿ, ಶೆಡ್ಡಿನ ತುಂಬ ಇಡುತ್ತೇವಷ್ಟೆ. ಆ ಬ್ಲಾಕಿನ ಒಳಗಿನ ಭಾಗಗಳು ಬೇರೆಬೇರೆ ಲೇಯರುಗಳಲ್ಲಿದ್ದರೆ, ಬ್ಲಾಕ್ ಇಟ್ಟ ಲೇಯರಿನ ಬಲ್ಬು ಆರಿಸಿದಾಗ ಕೆಲವು ಭಾಗ ಉಳಿದು ಕೆಲವು ಹೋಗಿ, ಮಗ್ಗ ಅರೆಬರೆಯಾಗಿ ಕಾಣುವುದು. ಅದೇ ಲೇಯರನ್ನು ಫ್ರೀಜ್ ಮಾಡಿದರೆ ಇಡೀ ಮಗ್ಗವೇ ಮರೆಯಾಗುವುದು. ಹಾಗೆಯೇ, ಈಗ ಬರೆಯುತ್ತಿರುವ ಲೇಯರನ್ನು ಫ್ರೀಜ್ ಮಾಡಲು ಯಂತ್ರ ಒಪ್ಪುವುದಿಲ್ಲ. ಬಲ್ಬು ಆರಿಸಲು ಎಚ್ಚರಿಕೆ ಕೊಟ್ಟು ಒಪ್ಪುವುದು. ಎಚ್ಚರಿಕೆಯನ್ನು ಓದದೆ ಸರಿ ಎಂದು ಒತ್ತಿದವನು ಗೆರೆ ಎಳೆಯುತ್ತಾನೆ, ಗೆರೆ ಮಾಯ. ಮತ್ತೆ ಎಳೆಯುತ್ತಾನೆ, ಮತ್ತೆ ಮಾಯ. ಬಲ್ಬು ಹಚ್ಚಿದಾಗ ಒಂದರ ಮೇಲೊಂದು ಹತ್ತು ಗೆರೆ.

ಲೇಯರಿನ ಗೊಡವೆಯಿಲ್ಲದೆ ಒಂದೆರಡು ವಸ್ತುಗಳನ್ನಷ್ಟೇ ಮುಚ್ಚಬೇಕಾದರೆ, ಆರಿಸಿಕೊಂಡು ಬಲಗುಂಡಿ ಒತ್ತಿ, ಐಸೊಲೇಟ್ ಎಂಬಲ್ಲಿ ಹೈಡ್ ಆಬ್ಜೆಕ್ಟ್ಸ್ ಎನ್ನಬಹುದು. ಸಾಮಾನ್ಯವಾಗಿ ಫೈಲು ಮುಚ್ಚಿ ಮತ್ತೆ ತೆರೆದಾಗ ಅವು ತಾವಾಗಿ ಮರಳಿ ಕಾಣಿಸಿಕೊಳ್ಳುತ್ತವೆ. ಲೇಯರಿನ ಬಲ್ಬು ಹಾಗಲ್ಲ. ಆರಿಸಿ, ಉಳಿಸಿ, ಮುಚ್ಚಿದರೆ ನಾಳೆಯೂ ಆರಿಯೇ ಇರುವುದು, ಇನ್ನೊಬ್ಬರ ಕಂಪ್ಯೂಟರಿನಲ್ಲಿಯೂ ಆರಿಯೇ ಇರುವುದು. ನಮ್ಮ ಕಥೆ ಹುಟ್ಟಿದ್ದು ಇಲ್ಲಿ.

ನಮ್ಮ ಶೆಡ್ಡಿನಲ್ಲಿ ಹಾಸು ಸುತ್ತುವ ಹೊಸ ವಾರ್ಪಿಂಗ್ ಯಂತ್ರ ಕೂರಿಸುವುದಿತ್ತು. ನೆಲಕ್ಕೆ ತೂತು ಕೊರೆದು ಬೋಲ್ಟು ನಿಲ್ಲಿಸಬೇಕು. ಹೊರಗಿನ ನಕ್ಷೆ ಆಫೀಸಿನಿಂದ ಫೈಲು ಬಂತು. "ಗವಂಡಿಗೆ ಒಂದು ಪ್ರತಿ ತೆಗೆದುಕೊಡಿ" ಎಂದು ಸಾಹೇಬರು ಹೇಳಿದರು. ತೆರೆದು ನೋಡಿದೆವು, ಬೋಲ್ಟಿನ ಗುರುತುಗಳ ಮೇಲೆಲ್ಲ ಹಸಿರು ಗೆರೆ, ಕೆಂಪು ಗೆರೆ, ಅಳತೆಯ ಅಂಕಿಗಳು ಓದಲಿಕ್ಕೇ ಬಾರವು. ನೆಲದಡಿಯ ನೀರಿನ ಕೊಳವೆ, ವಿದ್ಯುತ್ ಕೇಬಲ್ಲು ಎಲ್ಲ ಒಂದೇ ಲೇಯರಿನಲ್ಲಿದ್ದವು. ಗವಂಡಿಗೆ ಅಂಕಿ ಸ್ಪಷ್ಟವಾಗಿ ಕಾಣಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಆ ಲೇಯರಿನ ಬಲ್ಬು ಆರಿಸಿದೆವು. ಅಚ್ಚು ಬಹಳ ಅಂದವಾಗಿ ಬಂತು. ಫೈಲು ಮುಚ್ಚುವಾಗ, ಉಳಿಸಲೆ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿ ಊಟಕ್ಕೆ ಹೋದೆವು.

ನಾಲ್ಕು ದಿನದ ಮೇಲೆ ಗವಂಡಿ ಆಫೀಸಿನ ಬಾಗಿಲಿಗೆ ಬಂದು ಕೇಳಿದರು: "ಸಾಹೇಬ್ರ, ತಳಗ ಏನರ ಐತೇನ್ರಿ?" ನಾವು ಅಸಡ್ಡೆ ಮಾಡಲಿಲ್ಲ. ಫೈಲು ತೆರೆದೆವು. ಇಡೀ ನಕ್ಷೆಯನ್ನು ಪರದೆಗೆ ತಂದೆವು. ಶೆಡ್ಡಿನ ಆ ಮೂಲೆಗೆ ಹತ್ತಿರ ಹೋಗಿ ನೋಡಿದೆವು. ನೆಲ ಸ್ವಚ್ಛವಾಗಿತ್ತು. "ನಕ್ಷೆಯಲ್ಲಿ ಏನೂ ಇಲ್ಲ" ಎಂದೆವು. ನಾಲ್ಕು ದಿನದ ಹಿಂದೆ ನಾವೇ ಆರಿಸಿದ ದೀಪ ನಮಗೇ ಮರೆತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಾದರೂ ಕಾಣುತ್ತದೆ. ನಮ್ಮ ಬೆಕ್ಕು ಲೋಕದ ಕಣ್ಣನ್ನೂ ಮುಚ್ಚಿಟ್ಟಿತ್ತು.

ಕೊರೆಯುವ ಯಂತ್ರ ಹಿಡಿದವನು ನಮ್ಮ ಸಿಂದಗಿ ಕಡೆಯ ಹುಡುಗ. ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ಎರಡು ತೂತು ಸರಿಯಾಗಿ ಆದವು. ಮೂರನೆಯದರಲ್ಲಿ ನೀರು ಆಳೆತ್ತರ ಚಿಮ್ಮಿತು. ಪಂಪು ನಿಲ್ಲಿಸುವಷ್ಟರಲ್ಲಿ ನೂಲಿನ ಗೋದಾಮಿನ ಹೊಸ್ತಿಲು ದಾಟಿ ನೀರು ಒಳಗೆ ಹೋಗಿತ್ತು. ಆ ದಿನ ಎರಡು ಪಾಳಿಯ ಕೆಲಸ ಹೋಯಿತು. ನಾವು ಓಡಿಬಂದು ಲೇಯರಿನ ಪಟ್ಟಿ ತೆರೆದು, ಆರಿದ್ದ ಒಂದು ಬಲ್ಬನ್ನು ಹಚ್ಚಿದೆವು. ಹಸಿರು ಗೆರೆ ಮೂರನೆಯ ಗುರುತಿನ ಮೇಲೆ ಹಾದುಹೋಗಿತ್ತು. ನಾಲ್ಕನೆಯ ಗುರುತಿನ ನಡುಮಧ್ಯದಲ್ಲಿ ಕೆಂಪು ಗೆರೆ. ಅದು ಶೆಡ್ಡಿಗೆ ವಿದ್ಯುತ್ ತರುವ ಕೇಬಲ್ಲು.

ನೀರು ಬಂದಿರದಿದ್ದರೆ ಆ ಹುಡುಗ ಕಾಲುಗಂಟೆಯೊಳಗೆ ಅಲ್ಲಿ ಯಂತ್ರ ಊರುತ್ತಿದ್ದನು.

ಸಂಜೆ ಅವನು ಒದ್ದೆ ಬಟ್ಟೆಯಲ್ಲಿಯೇ ಬಂದು, "ಅಣ್ಣಾರ, ನಕಾಶ್ಯಾಗ ಅದು ಇರಲಿಲ್ಲೇನ್ರಿ?" ಎಂದು ಕೇಳಿದನು. ಸಿಟ್ಟಿನಿಂದ ಕೇಳಲಿಲ್ಲ, ತಿಳಿಯಲೆಂದೇ ಕೇಳಿದನು. "ಇತ್ತಪ್ಪಾ, ನಾವೇ ಮುಚ್ಚಿದ್ದೆವು" ಎಂದೆವು. ಸಾಹೇಬರು ಕೊಟ್ಟ ಮೆಮೊ ನಮ್ಮ ಫೈಲಿನಲ್ಲಿದೆ. ಅದಕ್ಕಿಂತ ಆ ಹುಡುಗನ ಪ್ರಶ್ನೆ ನಮಗೆ ಹೆಚ್ಚು ಬಾಧಿಸಿತು.

ಅಂದಿನಿಂದ ನಾವು ಏನು ಮಾಡುತ್ತೇವೆಂಬುದನ್ನು ಹೇಳಿ ಮುಗಿಸುತ್ತೇವೆ.

ಯಾರಿಂದಲೇ ಫೈಲು ಬರಲಿ, ಮೊದಲು ಅದರ ಒಂದು ನಕಲು ಮಾಡಿಕೊಂಡು ನಕಲಿನಲ್ಲಿ ಕೈಯಾಡಿಸುತ್ತೇವೆ. ನೋಡುವ ಮೊದಲು ಲೇಯರುಗಳ ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದುತ್ತೇವೆ, ದಿನಸಿ ಚೀಟಿ ಓದಿದ ಹಾಗೆ. ಎಲ್ಲ ಬಲ್ಬುಗಳನ್ನು ಒಮ್ಮೆಗೇ ಹಚ್ಚಲು ಲೇ-ಆನ್ ಎಂಬ ಆಜ್ಞೆಯಿದೆ, ಹಿಮ ಕರಗಿಸಲು ಬೇರೆ ಆಜ್ಞೆ. ಎರಡನ್ನೂ ಕೊಡಬೇಕು, ಒಂದು ಕೊಟ್ಟರೆ ಇನ್ನೊಂದು ಆಗುವುದಿಲ್ಲ. ಆಮೇಲೆ ಝೂಮ್ ಎಕ್ಸ್‌ಟೆಂಟ್ಸ್. ಅದರಲ್ಲಿಯೂ ಒಂದು ಸುಳಿವಿದೆ. ಇಡೀ ನಕ್ಷೆಯನ್ನು ತೋರಿಸೆಂದಾಗ ಚಿತ್ರ ಪರದೆಯ ಒಂದು ಮೂಲೆಗೆ ಒತ್ತರಿಸಿ, ಉಳಿದ ಜಾಗ ಬರಿದಾಗಿ ಕಂಡರೆ, ಆ ಬರಿದು ಜಾಗದಲ್ಲಿ ಏನೋ ಇದೆಯೆಂದು ತಿಳಿಯಿರಿ. ಬಲ್ಬು ಆರಿಸಿದ್ದನ್ನೂ ಯಂತ್ರ ಆ ಲೆಕ್ಕಕ್ಕೆ ಹಿಡಿಯುವುದು, ಫ್ರೀಜ್ ಆದದ್ದನ್ನು ಹಿಡಿಯುವುದಿಲ್ಲ. ಇಲ್ಲವೆ ಎಲ್ಲಿಯೋ ದೂರದಲ್ಲಿ ಒಂದು ಚುಕ್ಕೆ ತಪ್ಪಿ ಬಿದ್ದಿರಬೇಕು.

ಗೆರೆಗಳ ಗೊಂದಲದಲ್ಲಿ ಅಂಕಿ ಕಾಣದಾದರೆ ಈಗ ನಾವು ಮುಚ್ಚುವುದಿಲ್ಲ, ಮಸುಕು ಮಾಡುತ್ತೇವೆ. ಪರದೆಯ ಮೇಲಾದರೆ ಬೀಗ ಹಾಕಿದರೆ ಸಾಕು. ಬೇಕಾದ ಒಂದು ಲೇಯರನ್ನು ಆರಿಸಿ ಲೇ-ಐಸೊ ಎಂಬ ಆಜ್ಞೆ ಕೊಟ್ಟರೆ, ಉಳಿದವುಗಳಿಗೆಲ್ಲ ಬೀಗ ಬಿದ್ದು ಮಸುಕಾಗುವಂತೆ ಮಾಡಬಹುದು. ಉಳಿದವು ಪೂರ್ತಿ ಆರಬೇಕೋ ಮಸುಕಾಗಬೇಕೋ ಎಂದು ಆರಿಸುವ ಅವಕಾಶ ಆ ಆಜ್ಞೆಯಲ್ಲಿಯೇ ಇದೆ. ಆದರೆ ಈ ಮಸುಕು ಕಾಗದಕ್ಕೆ ಬರುವುದಿಲ್ಲ. ಕಾಗದಕ್ಕೆ ಬೇಕಾದರೆ ಕೊಳವೆ ಮತ್ತು ಕೇಬಲ್ಲಿನ ಲೇಯರಿಗೆ ಬೂದು ಬಣ್ಣ, ಸಣ್ಣ ಗೆರೆ ಕೊಡತಕ್ಕದ್ದು. ಅಂಕಿಯೂ ಕಾಣುವುದು, ಕೇಬಲ್ಲೂ ಕಾಣುವುದು.

ಮುಚ್ಚದೆ ಗತಿಯಿಲ್ಲದಿದ್ದರೆ ಹೆಸರಿಟ್ಟು ಮುಚ್ಚಿರಿ. ವ್ಯೂ ಎಂಬ ಆಜ್ಞೆಯಿಂದ ಈಗಿನ ನೋಟಕ್ಕೆ ಒಂದು ಹೆಸರು ಕೊಟ್ಟು ಇಡಬಹುದು. 'ಬೋಲ್ಟು ಮಾತ್ರ' ಎಂದೊಂದು, 'ನೆಲದಡಿ ಎಲ್ಲ' ಎಂದೊಂದು. ಯಾವ ಬಲ್ಬು ಹಚ್ಚಿತ್ತು, ಯಾವುದು ಆರಿತ್ತು ಎಂಬುದನ್ನೂ ಆ ಹೆಸರಿನ ಜೊತೆಗೆ ಇಡಲು ಬರುತ್ತದೆ. ಆಗ ನಾಲ್ಕು ದಿನ ಕಳೆದು ಬಂದ ಮರೆಗುಳಿ ಕಾರಕೂನನೂ ಪಟ್ಟಿ ನೋಡಿ, ಇನ್ನೊಂದು ನೋಟವೂ ಇದೆಯೆಂದು ತಿಳಿದುಕೊಳ್ಳುವನು.

ಅಚ್ಚಿನ ಹಾಳೆಯನ್ನು ಲೇಔಟಿನಲ್ಲಿ ಹೊಂದಿಸುವವರಿಗೆ ಇನ್ನೂ ಅನುಕೂಲ. ಒಂದೇ ಹಾಳೆಯ ಮೇಲೆ ಎರಡು ಕಿಟಕಿ ತೆರೆದು, ಕೊಳವೆಗಳನ್ನು ಒಂದು ಕಿಟಕಿಯಲ್ಲಿ ಮಾತ್ರ ಫ್ರೀಜ್ ಮಾಡಬಹುದು. ಪಕ್ಕದ ಕಿಟಕಿಯಲ್ಲಿ ಅವು ಹಾಗೆಯೇ ಇರುವುವು. ಗವಂಡಿಯ ಕೈಯಲ್ಲಿ ಒಂದೇ ಕಾಗದ, ಎರಡೂ ಚಿತ್ರ. ಒಂದು ಎಚ್ಚರ: ಕಿಟಕಿಯೊಳಗೆ ಹೋಗಿ ಗಾಲಿ ಉರುಳಿಸಿದರೆ ಹಾಳೆಯ ಪ್ರಮಾಣ ಕೆಡುವುದು. ಪ್ರಮಾಣ ಹೊಂದಿಸಿದ ಕೂಡಲೆ ಕಿಟಕಿಗೆ ಬೀಗ ಹಾಕಿರಿ. ಮತ್ತು ಏನನ್ನು ಬಿಟ್ಟಿದ್ದೀರೋ ಅದನ್ನು ಕಾಗದದ ಮೇಲೆಯೇ ಬರೆಯಿರಿ, "ನೆಲದಡಿಯ ಕೊಳವೆ ಮತ್ತು ಕೇಬಲ್ಲು ಈ ಚಿತ್ರದಲ್ಲಿ ಇಲ್ಲ, ಪಕ್ಕದ ಚಿತ್ರ ನೋಡುವುದು" ಎಂದು. ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆಯಿರಿ. ನೆಲ ಕೊರೆಯುವವನು ಓದಬೇಕಾದದ್ದು ಅದು.

ನಮ್ಮ ವಾಚನಾಲಯದ ಕಂಪ್ಯೂಟರಿನಲ್ಲಿರುವುದು ಆಟೋಕ್ಯಾಡ್ ಅಲ್ಲ, ಲಿಬ್ರೆಕ್ಯಾಡ್, ಹಣ ಕೊಡಬೇಕಿಲ್ಲ. ಅಲ್ಲಿ ಬಲ್ಬಿನ ಬದಲು ಕಣ್ಣಿನ ಚಿತ್ರ, ಜೊತೆಗೆ ಬೀಗವೂ ಮುದ್ರಣಯಂತ್ರವೂ ಇವೆ. ಗಾಲಿಯ ಝೂಮು ಅದೇ; ಇಡೀ ನಕ್ಷೆ ತೋರಿಸುವುದಕ್ಕೆ ಆಟೋ ಝೂಮ್ ಎಂಬ ಗುಂಡಿ ಒತ್ತಬೇಕು. ಹೆಸರು ಬೇರೆಯಾದರೂ ಕೈ ಪಳಗಿದರೆ ಎರಡರಲ್ಲಿಯೂ ನಡೆಯುವುದು.

ಗವಂಡಿಗೆ ಅಂದು ಕೊಟ್ಟ ಆ ಅಂದವಾದ ಪ್ರತಿ ನಮ್ಮ ಬಳಿಯೇ ಇದೆ, ನೀರಿನ ಕಲೆ ಸಮೇತ. ಅದನ್ನೂ, ಎಲ್ಲ ಗೆರೆ ಇರುವ ಇನ್ನೊಂದು ಪ್ರತಿಯನ್ನೂ ಮೇಜಿನ ಮೇಲೆ ಹರಡಿದ್ದೇವೆ. ಮೊದಲು ಅವೆರಡನ್ನು ನೋಡಿಕೊಳ್ಳಿ, ಆಮೇಲೆ ಒಬ್ಬೊಬ್ಬರಾಗಿ ಕಂಪ್ಯೂಟರಿಗೆ ಕುಳಿತು ಆ ಲೇಯರನ್ನು ನೀವೇ ಹುಡುಕಿ ಹಚ್ಚಿರಿ. ರಾತ್ರಿ ಪಾಳಿಯವರು ಗಾಡಿ ಹಿಡಿಯಬೇಕು, ಅವರಿಗೆ ಮೊದಲು ಜಾಗ ಬಿಡಿ.